ಹೆಸರಿಲ್ಲದ ಜಾಗ

“ಅಕ್ಕಾ, ನಿನ್ನ ಫೈಲ್ ಒಂದನ್ನೂ ನಾನು ಮುಟ್ಟಿಲ್ಲ. ಅಲ್ಲೊಂದು ಹೆಸರೇ ಇಲ್ಲದ ಜಾಗ ಇತ್ತು, ಸುಮ್ನೆ ಬಿದ್ದಿತ್ತು. ಅದನ್ನ ಮಾತ್ರ ತೆಗೆದೆ.”

ತಮ್ಮ ಹೀಗೆ ಹೇಳುವಾಗ ನಾನು ಪರದೆಯ ಮುಂದೆ ನಿಂತಿದ್ದೆ. ಪೂರ್ತಿ ಕಪ್ಪು. ಮೇಲೆ ಎಡಮೂಲೆಯಲ್ಲಿ ಎರಡೇ ಸಾಲು. ಅಂಥ ಪಾರ್ಟಿಷನ್, ಅಂದರೆ ಡಿಸ್ಕ್‌ನಲ್ಲಿ ಬೇರೆ ಮಾಡಿಟ್ಟ ಭಾಗ, ಇಲ್ಲ ಅಂತ ಮೊದಲನೆಯದು ಹೇಳುತ್ತಿತ್ತು. ಎರಡನೆಯದರಲ್ಲಿ ‘ಗ್ರಬ್ ರೆಸ್ಕ್ಯೂ’ ಅಂತ ಇತ್ತು, ಪಕ್ಕದಲ್ಲಿ ಕರ್ಸರ್ ಮಿಟುಕುತ್ತಿತ್ತು. ಲಿನಕ್ಸ್ ಬರಲಿಲ್ಲ, ವಿಂಡೋಸೂ ಬರಲಿಲ್ಲ.

ಆಗ ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಮೊದಲಿಂದ ಇದ್ದ ವಿಂಡೋಸ್ ಪಕ್ಕದಲ್ಲೇ ನಾನು ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡಿದ್ದೆ. ಹೀಗೆ ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟು, ಬೇಕಾದ್ದನ್ನು ಎಬ್ಬಿಸುವುದಕ್ಕೆ ಡ್ಯುಯಲ್ ಬೂಟ್ ಅನ್ನುತ್ತಾರೆ. ಆನ್ ಮಾಡಿದ ತಕ್ಷಣ ಒಂದು ಪಟ್ಟಿ ಬರುತ್ತಿತ್ತು. ಹತ್ತು ಸೆಕೆಂಡಿನೊಳಗೆ ಯಾವುದು ಬೇಕೋ ಆರಿಸಿಕೊಳ್ಳಬೇಕು. ತಮ್ಮ ಬಾಣದ ಕೀ ಒತ್ತಿ ವಿಂಡೋಸ್‌ಗೆ ಹೋಗುತ್ತಿದ್ದ. ನಾನು ಏನೂ ಒತ್ತದೆ ಬಿಟ್ಟರೆ ಲಿನಕ್ಸ್ ತಾನಾಗೇ ಬರುತ್ತಿತ್ತು. ತಿಂಗಳುಗಟ್ಟಲೆ ಹೀಗೇ ನಡೆದಿತ್ತು. ಒಂದು ದಿನ ಅವನಿಗೆ ಹೊಸ ಗೇಮ್ ಹಾಕಲು ಜಾಗ ಸಾಲಲಿಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ. ಸಿ ಇತ್ತು, ಡಿ ಇತ್ತು. ಅವುಗಳ ಪಕ್ಕ ಅಕ್ಷರವೂ ಇಲ್ಲದ, ಹೆಸರೂ ಇಲ್ಲದ ಒಂದು ಚೌಕ. ರೈಟ್ ಕ್ಲಿಕ್ ಮಾಡಿ ಡಿಲೀಟ್ ಕೊಟ್ಟ. ವಿಂಡೋಸ್ ಒಮ್ಮೆ ಕೇಳಿತು, ಅವನು ಹೌದು ಅಂದ.

ಆ ಕ್ಷಣಕ್ಕೆ ಸಿಟ್ಟು ಬಂದದ್ದು ನಿಜ. ಆಮೇಲೆ ಅದೇ ಚಿತ್ರವನ್ನು ಅವನ ಜಾಗದಲ್ಲಿ ಕೂತು ನೋಡಿದೆ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಂ, ಅಂದರೆ ಅದು ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ, ಓದಲು ವಿಂಡೋಸ್‌ಗೆ ಬರುವುದಿಲ್ಲ. ಓದಲು ಬಾರದ್ದಕ್ಕೆ ಅದು ಅಕ್ಷರ ಕೊಡುವುದಿಲ್ಲ. ಒಳಗೆ ಎಷ್ಟು ತುಂಬಿದೆ ಅಂತ ಅದಕ್ಕೆ ಗೊತ್ತಿಲ್ಲ, ಆದರೂ ನೂರಕ್ಕೆ ನೂರು ಫ್ರೀ ಅಂತ ತೋರಿಸುತ್ತದೆ. ನನ್ನ ಒಂದು ವರ್ಷದ ಬರಹ, ಫೋಟೋ, ಅರ್ಧ ಕಲಿತ ಪ್ರೋಗ್ರಾಂಗಳು ಅಲ್ಲೇ ಇದ್ದವು. ಆದರೆ ಅವನ ಕಣ್ಣಿಗೆ ಬಿದ್ದದ್ದು ಖಾಲಿ ಜಾಗ. ಕಂಪ್ಯೂಟರ್ ಹೇಳಿದ್ದನ್ನು ಅವನು ನಂಬಿದ್ದ, ಅಷ್ಟೇ ಅಲ್ವಾ?

ಆ ರಾತ್ರಿ ಕಲಿತಷ್ಟನ್ನು ನಾನು ಬೇರೆ ಯಾವ ಒಂದು ದಿನದಲ್ಲೂ ಕಲಿತಿಲ್ಲ.

ಅದು ಹಳೇ ಯಂತ್ರ. ಡಿಸ್ಕ್‌ನ ಭಾಗಗಳ ಪಟ್ಟಿ ಇಡುವ ಹಳೇ ಪದ್ಧತಿಯಾದ ಎಂಬಿಆರ್ ಕಾಲದ್ದು. ಅಂಥ ಡಿಸ್ಕ್‌ನ ಮೊಟ್ಟಮೊದಲ ತುಂಡು 512 ಬೈಟ್‌ನದ್ದು. ಈ ಒಂದು ಪ್ಯಾರಾ ಕನ್ನಡದಲ್ಲಿ ಉಳಿಸಿಡಲು ಬೇಕಾಗುವ ಜಾಗಕ್ಕಿಂತಲೂ ಕಡಿಮೆ. ಅದರಲ್ಲಿ 446 ಬೈಟ್ ಬೂಟ್ ಮಾಡುವ, ಅಂದರೆ ಸಿಸ್ಟಂ ಎಬ್ಬಿಸುವ, ಪುಟ್ಟ ಪ್ರೋಗ್ರಾಂಗೆ. ಆಮೇಲಿನ 64 ಬೈಟ್ ಪಾರ್ಟಿಷನ್ ಪಟ್ಟಿಗೆ. ನಾಲ್ಕು ಪಾರ್ಟಿಷನ್, ಒಂದೊಂದಕ್ಕೆ 16 ಬೈಟ್. ಕೊನೆಯ ಎರಡು ಬೈಟ್ ಬರೀ ಗುರುತಿಗೆ. ಅಷ್ಟು ದೊಡ್ಡ ಡಿಸ್ಕ್‌ನಲ್ಲಿ ಯಾರ ಜಾಗ ಎಲ್ಲಿಂದ ಶುರು, ಎಷ್ಟು ಉದ್ದ ಅನ್ನುವುದೆಲ್ಲ ಆ 64 ಬೈಟ್‌ನಲ್ಲೇ ಇದೆ. ನಾನು ಲಿನಕ್ಸ್ ಹಾಕಿದಾಗ ಗ್ರಬ್ ಎಂಬ ಬೂಟ್‌ಲೋಡರ್ ಬಂದು ಆ 446 ಬೈಟ್‌ನಲ್ಲಿ ಕೂತಿತ್ತು. ಆದರೆ ಅಷ್ಟು ಚಿಕ್ಕ ಜಾಗದಲ್ಲಿ ಅದು ಪೂರ್ತಿ ಹಿಡಿಸುವುದಿಲ್ಲ. ಮೆನು ತೋರಿಸುವ ಉಳಿದ ಭಾಗವೆಲ್ಲ ಲಿನಕ್ಸ್ ಪಾರ್ಟಿಷನ್ ಒಳಗೇ ಇತ್ತು. ತಮ್ಮ ತೆಗೆದದ್ದು ಅದನ್ನೇ. ಹಾಗಾಗಿ ಬಾಗಿಲಲ್ಲಿ ನಿಂತ ಗ್ರಬ್ ಒಳಗೆ ನೋಡಿತು, ಏನೂ ಕಾಣಲಿಲ್ಲ, ಅಲ್ಲೇ ನಿಂತುಬಿಟ್ಟಿತು. ವಿಂಡೋಸ್‌ಗೆ ಒಂದಿಷ್ಟೂ ಪೆಟ್ಟಾಗಿರಲಿಲ್ಲ. ಅದಕ್ಕೆ ದಾರಿ ತೋರಿಸಬೇಕಾದವರೇ ಇರಲಿಲ್ಲ.

ಇಷ್ಟು ಅರ್ಥವಾದ ಮೇಲೆ ಒಂದು ಆಸೆ ಹುಟ್ಟಿತು. ಡಿಲೀಟ್ ಅಂದಾಗ ನಿಜವಾಗಿ ಹೋದದ್ದು ಏನು? ಆ ಪಟ್ಟಿಯ 16 ಬೈಟ್. ಪಹಣಿಯಲ್ಲಿ ಒಂದು ಸಾಲು ಹೊಡೆದುಹಾಕಿದರೆ ಹೊಲ ಎದ್ದು ಎಲ್ಲಿಗೂ ಹೋಗುವುದಿಲ್ಲ. ತಮ್ಮ ಅಲ್ಲಿ ಹೊಸ ಪಾರ್ಟಿಷನ್ ಮಾಡಿ ಫಾರ್ಮ್ಯಾಟ್ ಮಾಡಿರಲಿಲ್ಲ. ಅದಕ್ಕೆ ಮುಂಚೆಯೇ ರೀಸ್ಟಾರ್ಟ್ ಮಾಡಿದ್ದ. ಅಂದರೆ ಎಲ್ಲವೂ ಇದ್ದ ಜಾಗದಲ್ಲೇ ಇರಬೇಕು.

ಲಿನಕ್ಸ್ ಹಾಕುವಾಗ ಮಾಡಿಕೊಂಡಿದ್ದ ಪೆನ್‌ಡ್ರೈವ್ ಇನ್ನೂ ನನ್ನ ಹತ್ತಿರ ಇತ್ತು. ಅದರಿಂದ ಬೂಟ್ ಮಾಡಿ ಟೆಸ್ಟ್‌ಡಿಸ್ಕ್ ಎಂಬ ಪ್ರೋಗ್ರಾಂ ಹಾಕಿಕೊಂಡೆ. ನೋಡಲು ಏನೂ ಚಂದ ಇಲ್ಲ, ಬರೀ ಅಕ್ಷರಗಳ ಪರದೆ. ಡಿಸ್ಕ್ ಆರಿಸಿ, ಪಟ್ಟಿಯ ಜಾತಿ ಆರಿಸಿ, ಅನಲೈಸ್ ಅಂದೆ. ಆಮೇಲೆ ಕ್ವಿಕ್ ಸರ್ಚ್. ಅದು ಪಟ್ಟಿಯನ್ನು ನಂಬುವುದಿಲ್ಲ. ಡಿಸ್ಕ್ ಮೇಲೆಯೇ ನಡೆದುಕೊಂಡು ಹೋಗಿ, ಫೈಲ್ ಸಿಸ್ಟಂ ಶುರುವಾಗುವ ಕಡೆ ಇರುವ ಗುರುತುಗಳನ್ನು ಹುಡುಕುತ್ತದೆ. ಸ್ವಲ್ಪ ಹೊತ್ತಿಗೆ ಸಾಲುಗಳು ಬಂದವು. ಒಂದು, ಎರಡು, ಮೂರು. ನಾಲ್ಕನೆಯದರ ಮುಂದೆ ‘ಲಿನಕ್ಸ್’ ಅಂತ ಇತ್ತು. ಪಿ ಒತ್ತಿದರೆ ಒಳಗಿನ ಫೈಲ್‌ಗಳು ಕಾಣುತ್ತವೆ. ಒತ್ತಿದೆ. ಹೋಮ್ ಫೋಲ್ಡರ್. ಅದರೊಳಗೆ ನನ್ನ ಹೆಸರು. ಅದರೊಳಗೆ ಹಿಂದಿನ ದಿನ ರಾತ್ರಿ ಬರೆದು ಅರ್ಧಕ್ಕೆ ಬಿಟ್ಟಿದ್ದ ಫೈಲ್. ಪಕ್ಕದಲ್ಲಿ ನಿಂತಿದ್ದ ತಮ್ಮ ಆವರೆಗೆ ಒಂದು ಮಾತೂ ಆಡಿರಲಿಲ್ಲ. “ಇದೆಯಾ?” ಅಂದ. “ಇದೆ ಕಣೋ” ಅಂದೆ. ‘ರೈಟ್’, ಅಂದರೆ ಪಟ್ಟಿಗೆ ಬರೆ, ಅಂತ ಕೊಟ್ಟೆ, ಖಚಿತವಾ ಅಂತ ಕೇಳಿತು, ವೈ ಒತ್ತಿದೆ. 16 ಬೈಟ್ ವಾಪಸ್ ಬಂತು. ರೀಸ್ಟಾರ್ಟ್ ಮಾಡಿದಾಗ ಅದೇ ಹಳೇ ಪಟ್ಟಿ, ಅದೇ ಹತ್ತು ಸೆಕೆಂಡು.

ಬ್ಯಾಕಪ್ ಇರಲಿಲ್ಲ. ಇದನ್ನು ಇಲ್ಲಿ ಹೇಳಿಬಿಡಬೇಕು. ಅವನು ಇನ್ನೊಂದು ಕ್ಲಿಕ್ ಮಾಡಿದ್ದರೆ ಅಥವಾ ಗೇಮ್ ಅಲ್ಲೇ ಇಳಿಸಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು. ಅಂದಿನಿಂದ ಇವತ್ತಿನವರೆಗೆ, ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಕೂರುವವರೆಗೆ ನಾನು ಯಾರ ಪಾರ್ಟಿಷನ್‌ಗೂ ಕೈ ಹಾಕುವುದಿಲ್ಲ. ಎಷ್ಟೇ ಆತುರ ಇರಲಿ.

ಡ್ಯುಯಲ್ ಬೂಟ್ ಬಗ್ಗೆ ನನಗೆ ಆಮೇಲೆ ಅರ್ಥವಾದದ್ದೆಲ್ಲ ತಮ್ಮನ ಆ ಒಂದು ಮಾತಿಗೇ ಬಂದು ಸೇರುತ್ತದೆ. ಒಂದೇ ಡಿಸ್ಕ್‌ನಲ್ಲಿ ಎರಡು ಸಿಸ್ಟಂ ಇರುತ್ತವೆ. ಆದರೆ ಎರಡೂ ಒಟ್ಟಿಗೆ ಎಚ್ಚರ ಇರುವುದೇ ಇಲ್ಲ. ಒಂದು ಎದ್ದಾಗ ಇನ್ನೊಂದು ಮಲಗಿರುತ್ತದೆ. ಎದ್ದದ್ದು ಇಡೀ ಮನೆ ತನ್ನದೇ ಅನ್ನುವ ಹಾಗೆ ಓಡಾಡುತ್ತದೆ. ಕೆಟ್ಟ ಉದ್ದೇಶದಿಂದಲ್ಲ, ಅದನ್ನು ಕಟ್ಟಿರುವುದೇ ಹಾಗೆ. ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ ಅಂತ ಸದಾ ಗೊತ್ತಿರುವುದು ನಮಗೆ ಮಾತ್ರ.

ಗಡಿಯಾರವನ್ನೇ ತಗೊಳ್ಳಿ. ಲಿನಕ್ಸ್‌ನಲ್ಲಿ ಕೆಲಸ ಮಾಡಿ ವಿಂಡೋಸ್‌ಗೆ ಬಂದರೆ ಸಮಯ ತಪ್ಪು. ಗಂಟೆಗಟ್ಟಲೆ ತಪ್ಪು. ತುಂಬಾ ಜನ ಇದನ್ನು ನೋಡಿ ಮದರ್‌ಬೋರ್ಡ್‌ನ ಬ್ಯಾಟರಿ ಹೋಯಿತು ಅಂದುಕೊಳ್ಳುತ್ತಾರೆ. ಬ್ಯಾಟರಿ ಸರಿಯಾಗಿಯೇ ಇದೆ. ಯಂತ್ರ ಆಫ್ ಆಗಿದ್ದಾಗಲೂ ಓಡುವ ಒಂದು ಪುಟ್ಟ ಗಡಿಯಾರ ಒಳಗಿದೆ. ಅದರಲ್ಲಿ ಇರುವುದು ಸ್ಥಳೀಯ ಸಮಯ ಅಂತ ವಿಂಡೋಸ್ ತಿಳಿದಿದೆ. ಅಲ್ಲ, ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಅಂತ ಲಿನಕ್ಸ್ ತಿಳಿದಿದೆ. ನೆಟ್‌ನಿಂದ ಸರಿಯಾದ ಸಮಯ ಸಿಕ್ಕ ಮೇಲೆ ಲಿನಕ್ಸ್ 11 ನಿಮಿಷಕ್ಕೊಮ್ಮೆ ಅದನ್ನು ಆ ಗಡಿಯಾರಕ್ಕೆ ಬರೆಯುತ್ತಲೇ ಇರುತ್ತದೆ. ಆಮೇಲೆ ವಿಂಡೋಸ್ ಎದ್ದು ಅದೇ ಅಂಕಿಯನ್ನು ಬೇರೆ ಅರ್ಥದಲ್ಲಿ ಓದುತ್ತದೆ. ಇಬ್ಬರೂ ತಮ್ಮ ಲೆಕ್ಕದಲ್ಲಿ ಸರಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬ ನಮೂದು ಸೇರಿಸಿ 1 ಅಂತ ಕೊಟ್ಟರೆ ಅದೂ ಯುಟಿಸಿ ಎಂದೇ ಓದುತ್ತದೆ. ಲಿನಕ್ಸ್ ಕಡೆಯಿಂದಲೂ ಸ್ಥಳೀಯ ಸಮಯಕ್ಕೆ ಬದಲಾಯಿಸಬಹುದು. ನನಗೆ ಮೊದಲ ದಾರಿಯೇ ಇಷ್ಟ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಇರುವವರಿಗಂತೂ ಅದೇ ಸರಿ. ಇಲ್ಲದಿದ್ದರೆ ಆ ಒಂದು ಗಂಟೆಯನ್ನು ಎರಡೂ ಸಿಸ್ಟಂಗಳು ಒಂದರ ಮೇಲೊಂದು ಸೇರಿಸಬಹುದು.

ಗಡಿಯಾರದ ತಪ್ಪಿನಿಂದ ಫೈಲ್ ಹಾಳಾಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಹಾಗಲ್ಲ. ಇದನ್ನು ಪೂರ್ತಿ ತಿಳಿದುಕೊಳ್ಳದೆ ಡ್ಯುಯಲ್ ಬೂಟ್ ಮಾಡಬೇಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. 2012ರಲ್ಲಿ ವಿಂಡೋಸ್ 8ರ ಜೊತೆ ಬಂದದ್ದು ಇದು. ಶಟ್‌ಡೌನ್ ಅಂದಾಗ ವಿಂಡೋಸ್ ನಿಮ್ಮ ಪ್ರೋಗ್ರಾಂಗಳನ್ನು ಮುಚ್ಚುತ್ತದೆ, ಆದರೆ ತನ್ನ ಒಳಗಿನ ಭಾಗವನ್ನು ಮುಚ್ಚುವುದಿಲ್ಲ. ಇದ್ದ ಹಾಗೇ ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಮುಂದಿನ ಸಲ ಬೇಗ ಏಳಲು. ಆ ಬರೆದಿಟ್ಟದ್ದರಲ್ಲಿ ಸಿ ಡ್ರೈವ್‌ನಲ್ಲಿ ಏನೇನು ಎಲ್ಲೆಲ್ಲಿದೆ ಎಂಬ ನೆನಪೂ ಇರುತ್ತದೆ. ಈಗ ನಡುವೆ ನಾವು ಲಿನಕ್ಸ್‌ಗೆ ಹೋಗಿ ಅದೇ ಡ್ರೈವ್‌ನಲ್ಲಿ ಒಂದು ಫೈಲ್ ಸೇರಿಸಿದೆವು ಅಂದುಕೊಳ್ಳಿ. ವಿಂಡೋಸ್ ಎದ್ದಾಗ ತನ್ನ ಹಳೇ ನೆನಪನ್ನೇ ನಂಬಿ ಬರೆಯಲು ಶುರು ಮಾಡುತ್ತದೆ. ಹೊಸ ಫೈಲ್ ಮೇಲೆಯೇ ಬರೆಯಬಹುದು, ಪೂರ್ತಿ ಫೋಲ್ಡರ್ ಹಾಳಾಗಬಹುದು. ಅದಕ್ಕೇ ಹೀಗೆ ಮಲಗಿದ ಡ್ರೈವ್ ಕಂಡರೆ ಲಿನಕ್ಸ್ ಓದಲು ಮಾತ್ರ ಬಿಡುತ್ತದೆ, ಬರೆಯಲು ಒಪ್ಪುವುದಿಲ್ಲ. ಹೊಸಬರು ಇದನ್ನು ಲಿನಕ್ಸ್‌ನ ಹಟ ಅಂದುಕೊಂಡು ಹೇಗಾದರೂ ಬರೆಯುವ ದಾರಿ ಹುಡುಕುತ್ತಾರೆ. ದಯವಿಟ್ಟು ಬೇಡ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ತೆರೆದದ್ದೆಲ್ಲವನ್ನೂ ಡಿಸ್ಕ್‌ಗೆ ಬರೆದಿಟ್ಟು ಮಲಗಿಸುವ ಹೈಬರ್ನೇಟ್ ಕೂಡ ಮಾಡಬೇಡಿ, ಅಷ್ಟು ಸಾಕು. ಇನ್ನೊಂದು ಮಾತು. ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ಹೀಗೆ ಮಲಗುವುದಿಲ್ಲ, ಪೂರ್ತಿ ಮುಚ್ಚುತ್ತದೆ. ಶಟ್‌ಡೌನ್‌ಗಿಂತ ರೀಸ್ಟಾರ್ಟ್ ಮೇಲು ಅನ್ನುವುದು ವಿಚಿತ್ರ ಅನಿಸುತ್ತದೆ, ಆದರೆ ನಿಜ.

ಒಂದೇ ಡಿಸ್ಕ್‌ನಲ್ಲಿ ಇಬ್ಬರು ಅನ್ನುವ ಈ ಕಷ್ಟ ಲಿನಕ್ಸ್‌ನಷ್ಟೇ ಹಳೆಯದು. 1991ರ ಆಗಸ್ಟ್ 25ರಂದು ಲಿನಸ್ ಟೊರ್ವಾಲ್ಡ್ಸ್ ತಾವು ಹವ್ಯಾಸಕ್ಕೆ ಬರೆಯುತ್ತಿದ್ದ ಸಿಸ್ಟಂ, ಅಂದರೆ ಮುಂದೆ ಲಿನಕ್ಸ್ ಆದದ್ದರ ಬಗ್ಗೆ, ಮಿನಿಕ್ಸ್ ಎಂಬ ಇನ್ನೊಂದು ಸಿಸ್ಟಂ ಬಳಸುವವರಿಗೆ ಮೊದಲ ಸಲ ತಿಳಿಸಿದರು. ಆಗ ಅವರಿಗೆ 21 ವರ್ಷ, ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿ. ಅವರ ಡಿಸ್ಕ್‌ನಲ್ಲಿ ಮಿನಿಕ್ಸ್ ಇತ್ತು, ಪಕ್ಕದಲ್ಲಿ ಅವರದೇ ಕೂಸು ಬೆಳೆಯುತ್ತಿತ್ತು. ಒಂದು ದಿನ ಮೋಡೆಮ್‌ಗೆ ಹೋಗಬೇಕಾದ ಆದೇಶ ಕೈತಪ್ಪಿ ಡಿಸ್ಕ್‌ಗೆ ಹೋಗಿ ಮಿನಿಕ್ಸ್ ಪಾರ್ಟಿಷನ್ ಹಾಳಾಯಿತು. ಅವರು ಮತ್ತೆ ಮಿನಿಕ್ಸ್ ಹಾಕಲಿಲ್ಲ. ಲಿನಕ್ಸ್ ಅಷ್ಟರಲ್ಲಿ ತನ್ನ ಕಾಲ ಮೇಲೆ ನಿಲ್ಲುವಷ್ಟು ಬೆಳೆದಿತ್ತು. ಈ ಕಥೆ ನೆನಪಾದಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ, ಒಂಥರಾ ಧೈರ್ಯವೂ ಬರುತ್ತದೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಎಂಬಿಆರ್ ಬದಲು ಜಿಪಿಟಿ ಬಂದಿದೆ. ನಾಲ್ಕರ ಬದಲು ಸಾಮಾನ್ಯವಾಗಿ 128 ಪಾರ್ಟಿಷನ್‌ಗೆ ಜಾಗ. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯಲ್ಲೂ ಇರುತ್ತದೆ. ಬೂಟ್ ಮಾಡುವ ಪ್ರೋಗ್ರಾಂಗಳು 446 ಬೈಟ್‌ಗೆ ಕಿತ್ತಾಡಬೇಕಿಲ್ಲ. ಇಎಫ್‌ಐ ಪಾರ್ಟಿಷನ್ ಅಂತ ಒಂದು ಚಿಕ್ಕ ಜಾಗ ಇದೆ, ವಿಂಡೋಸ್ ಅದನ್ನು ಹೆಚ್ಚಾಗಿ 100 ಎಂಬಿಯಷ್ಟು ಮಾಡಿರುತ್ತದೆ. ಅದರಲ್ಲಿ ಮೈಕ್ರೋಸಾಫ್ಟ್‌ಗೆ ಒಂದು ಫೋಲ್ಡರ್, ಉಬುಂಟುಗೆ ಒಂದು ಫೋಲ್ಡರ್. ಯಾರನ್ನು ಮೊದಲು ಕರೆಯಬೇಕು ಎಂಬ ಸರದಿ ಮಾತ್ರ ಮದರ್‌ಬೋರ್ಡ್‌ನ ನೆನಪಿನಲ್ಲಿ ಇರುತ್ತದೆ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಮಾಯ ಆಯಿತು ಅಂತ ಗಾಬರಿಯಾಗುವವರು ಮೊದಲು ಫರ್ಮ್‌ವೇರ್ ಸೆಟಪ್‌ಗೆ, ಅಂದರೆ ಮದರ್‌ಬೋರ್ಡ್‌ನದೇ ಸೆಟ್ಟಿಂಗ್ ಪರದೆಗೆ, ಹೋಗಿ ಈ ಸರದಿ ನೋಡಿ. ಬಹಳ ಸಲ ಏನೂ ಹಾಳಾಗಿರುವುದಿಲ್ಲ, ಸರದಿ ಬದಲಾಗಿರುತ್ತದೆ.

ಸುಧಾರಿಸಿದ್ದರೂ ಹಳೇ ಕಷ್ಟ ಹೊಸ ರೂಪದಲ್ಲಿ ಬರುತ್ತಲೇ ಇದೆ. ಗ್ರಬ್ ಮೊದಲೆಲ್ಲ ಡಿಸ್ಕ್ ತುಂಬಾ ಹುಡುಕಿ ಬೇರೆ ಸಿಸ್ಟಂಗಳನ್ನು ತಾನೇ ಮೆನುವಿಗೆ ಸೇರಿಸುತ್ತಿತ್ತು. 2021ರಲ್ಲಿ ಬಂದ 2.06 ಆವೃತ್ತಿಯಿಂದ, ಭದ್ರತೆಯ ಕಾರಣಕ್ಕೆ, ನಾವು ಹೇಳಿದರೆ ಮಾತ್ರ ಹುಡುಕುತ್ತದೆ. ಉಬುಂಟು ಥರದ ಲಿನಕ್ಸ್ ವಿತರಣೆಗಳಲ್ಲಿ ಕೆಲವು ಇದನ್ನು ತಾವೇ ಮತ್ತೆ ಆನ್ ಮಾಡಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಭದ್ರತಾ ಅಪ್‌ಡೇಟ್ ಕಥೆ ಇನ್ನೂ ಸ್ಪಷ್ಟ. ನಂಬಿಕೆಯ ಸಹಿ ಇರುವ ಪ್ರೋಗ್ರಾಂಗಳನ್ನು ಮಾತ್ರ ಬೂಟ್ ಮಾಡಲು ಬಿಡುವ ಸೆಕ್ಯೂರ್ ಬೂಟ್‌ಗೆ ಸೇರಿದ ಆ ಬದಲಾವಣೆ ಡ್ಯುಯಲ್ ಬೂಟ್ ಯಂತ್ರಗಳಿಗೆ ಅನ್ವಯಿಸುವುದಿಲ್ಲ ಅಂತಲೇ ಮೈಕ್ರೋಸಾಫ್ಟ್ ಹೇಳಿತ್ತು. ಆದರೆ ಪಕ್ಕದಲ್ಲಿ ಲಿನಕ್ಸ್ ಇದೆಯಾ ಅಂತ ಪತ್ತೆ ಹಚ್ಚುವ ಪರೀಕ್ಷೆ ಎಲ್ಲ ಕಡೆ ಕೆಲಸ ಮಾಡಲಿಲ್ಲ. ಎಷ್ಟೋ ಜನರ ಲಿನಕ್ಸ್ ಏಳಲೇ ಇಲ್ಲ. ಪಕ್ಕದವರು ಕಾಣಲಿಲ್ಲ, ಹಾಗಾಗಿ ಇಲ್ಲ ಅಂದುಕೊಂಡಿತು. ತಮ್ಮನಿಗೆ ಆದದ್ದೂ ಇದೇ ತಾನೇ?

ಇನ್‌ಸ್ಟಾಲ್ ಮಾಡುವ ಕ್ರಮ ನಾನಿಲ್ಲಿ ಬರೆಯಲ್ಲ. ಅದು ಅರ್ಧ ಗಂಟೆಯ ಕೆಲಸ, ಪರದೆಯೇ ಹೇಳಿಕೊಡುತ್ತದೆ. ಅದಕ್ಕೂ ಹಿಂದಿನ ದಿನ ಮಾಡುವ ಕೆಲಸವೇ ನನಗೆ ಮುಖ್ಯ. ಬ್ಯಾಕಪ್ ಹೇಳಿಯಾಗಿದೆ. ಆಮೇಲೆ ಬಿಟ್‌ಲಾಕರ್, ಡಿಸ್ಕ್‌ನಲ್ಲಿ ಇರುವುದನ್ನೆಲ್ಲ ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದು ಮಾಲೀಕರಿಗೇ ಗೊತ್ತಿರುವುದಿಲ್ಲ. 2024ರಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಇದು ಇನ್ನೂ ಜಾಸ್ತಿ ಯಂತ್ರಗಳಲ್ಲಿ ತಾನಾಗೇ ಆನ್ ಆಗುತ್ತಿದೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ, ಕೆಲವೊಮ್ಮೆ ಗ್ರಬ್ ಮೂಲಕ ವಿಂಡೋಸ್ ತೆರೆದರೂ, ಅದು ಅನುಮಾನಪಟ್ಟು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆರು ಅಂಕಿಗಳ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ಪೂರ್ತಿ ಭಾಗವಾಗುವ ಹಾಗೆ ಮಾಡಿದ್ದಾರೆ, ಒಂದು ಅಂಕಿ ತಪ್ಪಿದರೂ ಗೊತ್ತಾಗಲಿ ಅಂತ. ಇಂಥ ಜಾಣತನ ಕಂಡರೆ ನನಗೆ ಖುಷಿ. ಆದರೆ ಆ ಕೀ ಕೈಯಲ್ಲಿ ಇಲ್ಲದಿದ್ದರೆ ಫೈಲ್‌ಗಳ ಆಸೆ ಬಿಡಬೇಕು. ಪೆನ್‌ಡ್ರೈವ್ ಚುಚ್ಚುವ ಮೊದಲೇ ಆ 48 ಅಂಕಿಯನ್ನು ಕಾಗದದ ಮೇಲೆ ಬರೆದಿಡಿ. ಫೋಟೋ ತೆಗೆದು ಅದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡರೆ ಏನೂ ಉಪಯೋಗ ಇಲ್ಲ.

ಜಾಗ ಬಿಡಿಸುವ ಕೆಲಸ ವಿಂಡೋಸ್ ಒಳಗಿಂದಲೇ ಆಗಲಿ. ಸಿ ಅದರ ಮನೆ, ಗೋಡೆ ಸರಿಸುವುದನ್ನೂ ಅದೇ ಮಾಡಲಿ. 200 ಜಿಬಿ ಖಾಲಿ ಇದ್ದರೂ ಕೆಲವು ಸಲ ಬರೀ 20 ಜಿಬಿ ಬಿಟ್ಟುಕೊಡುತ್ತೇನೆ ಅನ್ನುತ್ತದೆ. ಸರಿಸಲು ಆಗದ ಫೈಲ್ ಯಾವುದೋ ನಡುವೆ ಕೂತಿರುತ್ತದೆ. ಅಂಥ ಫೈಲ್‌ಗಳಿಗೆ ಕಾರಣವಾಗುವ ಹೈಬರ್ನೇಷನ್, ಪೇಜ್‌ಫೈಲ್, ರಿಸ್ಟೋರ್ ಪಾಯಿಂಟ್‌ಗಳನ್ನು ಸ್ವಲ್ಪ ಹೊತ್ತು ಆಫ್ ಮಾಡಿ ಮತ್ತೆ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತದೆ. ಬಿಡಿಸಿದ ಜಾಗವನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಬಿಡಿ, ಲಿನಕ್ಸ್ ನೋಡಿಕೊಳ್ಳುತ್ತದೆ.

ಇಷ್ಟೆಲ್ಲ ತಾಪತ್ರಯ ಯಾಕೆ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸಬಹುದಲ್ಲ ಅಂತ ಕೇಳುತ್ತಾರೆ. ಓಡಿಸಬಹುದು. ಯಂತ್ರದೊಳಗೆ ಇನ್ನೊಂದು ಯಂತ್ರದ ಹಾಗೆ ಓಡುವ ವರ್ಚುವಲ್ ಮಷೀನ್ ಇದೆ, 2016ರಿಂದ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟ್‌ನದೇ ಡಬ್ಲ್ಯುಎಸ್‌ಎಲ್ ಇದೆ. ಕೆಲಸಕ್ಕೆ ಮಾತ್ರ ಬೇಕಿದ್ದರೆ ಅವು ಧಾರಾಳ ಸಾಕು. ಆದರೆ ಅಲ್ಲಿ ಲಿನಕ್ಸ್ ಅತಿಥಿ. ಯಂತ್ರದ ವೈಫೈ, ಬ್ಯಾಟರಿ, ಗ್ರಾಫಿಕ್ಸ್ ಎಲ್ಲವನ್ನೂ ಹೊತ್ತುಕೊಂಡಿರುವುದು ವಿಂಡೋಸೇ. ಇದೇ ಯಂತ್ರದಲ್ಲಿ ಇದೊಂದೇ ಇದ್ದರೆ ನನ್ನ ದಿನ ಸಾಗುತ್ತದಾ ಅನ್ನುವುದು ಗೊತ್ತಾಗಬೇಕಾದರೆ ಲಿನಕ್ಸ್ ಒಂಟಿಯಾಗಿ ಎದ್ದು ನಿಲ್ಲಬೇಕು. ಡ್ಯುಯಲ್ ಬೂಟ್ ಅಂದರೆ ಎರಡು ದೋಣಿಯಲ್ಲಿ ಕಾಲಿಡುವುದು ಅಂತ ಆಡಿಕೊಳ್ಳುವವರೂ ಇದ್ದಾರೆ. ನಾನು ಒಪ್ಪಲ್ಲ. ಮಾರನೇ ದಿನದ ಕೆಲಸಕ್ಕೆ ವಿಂಡೋಸ್ ಇದ್ದೇ ಇದೆ ಅನ್ನುವ ನೆಮ್ಮದಿ ಇದ್ದದ್ದಕ್ಕೇ ನಾನು ಲಿನಕ್ಸ್‌ನಲ್ಲಿ ಕೈಯಾಡಿಸಿದೆ, ಕೆಡಿಸಿದೆ, ಮತ್ತೆ ಸರಿ ಮಾಡಿದೆ. ಆ ನೆಮ್ಮದಿ ಇಲ್ಲದಿದ್ದರೆ ಮೊದಲ ವಾರವೇ ಬಿಟ್ಟುಬಿಡುತ್ತಿದ್ದೆ.

ಈಗ ತಮ್ಮನದು ಬೇರೆ ಊರು, ಅವನದೇ ಲ್ಯಾಪ್‌ಟಾಪ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಅವನಿಗೂ ಯೋಚನೆ ಶುರುವಾಯಿತು. ಯಂತ್ರ ಗಟ್ಟಿಯಾಗಿದೆ, ಆದರೆ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ವಿಂಡೋಸ್ ಇರಲಿ, ಪಕ್ಕದಲ್ಲಿ ಲಿನಕ್ಸ್ ಹಾಕ್ತೀನಿ ಅಂದ. ಬ್ಯಾಕಪ್ ಆಯಿತಾ ಅಂತ ಕೇಳಿದೆ. ಎರಡು ಕಡೆ ಅಂದ. ಬಿಟ್‌ಲಾಕರ್ ಆನ್ ಆಗಿಲ್ಲ ಅನ್ನುವುದನ್ನೂ ನಾನು ಕೇಳುವ ಮೊದಲೇ ನೋಡಿದ್ದ. ಶುರು ಮಾಡಿ ಸ್ವಲ್ಪ ಹೊತ್ತಿಗೆ ಫೋನ್ ಬಂತು. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುತ್ತಿಲ್ಲ. ಫರ್ಮ್‌ವೇರ್‌ನಲ್ಲಿ ಡಿಸ್ಕ್ ರೇಡ್ ಮೋಡ್‌ನಲ್ಲಿ, ಅಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸಲು ಇರುವ ಮೋಡ್‌ನಲ್ಲಿ, ಇತ್ತು. ನೇರವಾಗಿ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸ್ ಅನ್ನು ತೀರಾ ಬೇಕಾದಷ್ಟೇ ಎದ್ದೇಳುವ ಸೇಫ್ ಮೋಡ್‌ಗೆ ಸಿದ್ಧ ಮಾಡಿ, ಆಮೇಲೆ ಎಎಚ್‌ಸಿಐ ಎಂಬ ಸಾಮಾನ್ಯ ಡಿಸ್ಕ್ ಮೋಡ್‌ಗೆ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎಬ್ಬಿಸಿ ನೋಡಿದೆವು. ವಿಂಡೋಸ್ ಎದ್ದಿತು. ಮತ್ತೆ ಪೆನ್‌ಡ್ರೈವ್ ಚುಚ್ಚಿದಾಗ ಡಿಸ್ಕ್ ಕಾಣಿಸಿತು.

ವಿಡಿಯೋ ಕಾಲ್‌ನಲ್ಲಿ ಪರದೆ ಮಸುಕಾಗಿ ಕಾಣುತ್ತಿತ್ತು. ಒಂದೊಂದೇ ಸಾಲು ಓದು ಅಂದೆ.

“100 ಎಂಬಿ, ಇಎಫ್‌ಐ. ಇದರಲ್ಲಿ ಇಬ್ಬರೂ ಇರ್ತಾರೆ, ಫಾರ್ಮ್ಯಾಟ್ ಮಾಡಲ್ಲ. ಆಮೇಲೆ 16 ಎಂಬಿ. ಹೆಸರಿಲ್ಲ.” ಒಂದು ಕ್ಷಣ ನಿಲ್ಲಿಸಿದ. “ಹೆಸರಿಲ್ಲ ಅಕ್ಕಾ, ಆದ್ರೆ ಅದು ವಿಂಡೋಸ್ ಇಟ್ಟುಕೊಂಡಿರೋದು. ಮುಟ್ಟಲ್ಲ. ಆಮೇಲೆ ಸಿ. ಕೊನೆಗಿರೋದು ರಿಕವರಿ, ಅದೂ ಬೇಡ.”

“ನಡುವೆ?”

“ನಡುವೆ 80 ಜಿಬಿ. ಇದು ನಿಜವಾಗ್ಲೂ ಖಾಲಿ. ನಿನ್ನೆ ರಾತ್ರಿ ನಾನೇ ಬಿಡಿಸಿದ್ದು. ಒತ್ತಲಾ?”

“ಒತ್ತು” ಅಂದೆ.